ಮಾತು ತಪ್ಪಿದವನು, ಮೋಸ ಮಾಡಿದವನು

ನಮ್ಮ ನಾಗನೂರಿನಲ್ಲಿ ಕೊಟ್ಟ ಮಾತಿಗೆ ತಪ್ಪಿದವನನ್ನು ಬೈಯಲು ಯಾರೂ ಪದ ಹುಡುಕುವುದಿಲ್ಲ. ‘ಅಂವಾ ಪಕ್ಕಾ ಫೋರ್‌ಟ್ವೆಂಟಿ ಅದಾನ’ ಎಂದರೆ ಮುಗಿಯಿತು. ಎಮ್ಮೆಗೆ ಸಂಚಗಾರ ಇಸಿದುಕೊಂಡು ಬೇರೆಯವರಿಗೆ ಮಾರಿದವನು ಫೋರ್‌ಟ್ವೆಂಟಿ. ಶ್ರಾವಣದಲ್ಲಿ ಕೊಡುತ್ತೇನೆಂದ ಕೈಗಡವನ್ನು ದೀಪಾವಳಿಗೂ ಕೊಡದವನು ಫೋರ್‌ಟ್ವೆಂಟಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 420ನೇ ಕಲಂ ಈಗ 318ರ ನಾಲ್ಕನೇ ಉಪಕಲಂ ಆಗಿದೆ. ಊರಿನ ನಾಲಿಗೆ ಮಾತ್ರ ಹಳೆಯ ನಂಬರನ್ನು ಬಿಟ್ಟಿಲ್ಲ.

ಬೈಗುಳವಾಗಿ ಅದು ಅಲ್ಲೇ ಇದ್ದರೆ ಯಾರಿಗೂ ನಷ್ಟವಿಲ್ಲ. ಬೈಗುಳ ಫಿರ್ಯಾದಿಯ ರೂಪ ತಾಳಿ ಠಾಣೆಯ ಮೆಟ್ಟಿಲು ಹತ್ತಿದಾಗ ಕಥೆ ಬೇರೆಯಾಗುತ್ತದೆ. ಗೋಕಾಕದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದ ವರ್ಷಗಳಲ್ಲಿ ಅಂಥ ಫಿರ್ಯಾದಿಗಳನ್ನು ಬಹಳ ನೋಡಿದೆ. ಹೆಸರು, ಊರು, ಮೊತ್ತ ಬೇರೆಬೇರೆ. ಒಂದು ವಾಕ್ಯ ಮಾತ್ರ ಎಲ್ಲದರಲ್ಲೂ ಒಂದೇ: ‘ಸದರಿ ಆರೋಪಿತನು ಮೊದಲಿನಿಂದಲೇ ಮೋಸ ಮಾಡುವ ಉದ್ದೇಶದಿಂದ ಹಣ ಪಡೆದುಕೊಂಡಿರುತ್ತಾನೆ.’ ಟೈಪಿಸ್ಟರಿಗೆ ಅದನ್ನು ಹೇಳಿ ಬರೆಸಬೇಕಾಗಿಯೇ ಇರಲಿಲ್ಲ. ವಿಳಾಸದ ಕೆಳಗೆ ‘ಮಾನ್ಯರೆ’ ಬರುವಷ್ಟೇ ಸಹಜವಾಗಿ ಅದೂ ಬರುತ್ತಿತ್ತು.

ಆ ಒಂದು ವಾಕ್ಯದ ಭಾರ ನನಗೆ ತಿಳಿದದ್ದು ನಮ್ಮ ಕಾಕಾನ ಪ್ರಕರಣದಲ್ಲಿ.

ಅದನ್ನು ಹೇಳುವ ಮೊದಲು ಕಬ್ಬಿನ ಸೀಮೆಯ ವ್ಯವಹಾರ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಘಟಪ್ರಭಾ ನದಿಯೂ ಹಿಡಕಲ್ ಡ್ಯಾಮಿನ ಕಾಲುವೆಗಳೂ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗವನ್ನು ಕಬ್ಬಿನ ನಾಡಾಗಿಸಿವೆ. ಬೆಳೆಯುವವರು ನಾವು, ಕಡಿಯುವವರು ಬಹಳಷ್ಟು ಹೊರಗಿನವರು. ವಿಜಯಪುರದ ಕಡೆಯಿಂದ, ಗಡಿಯಾಚೆಯ ಜತ್ತದಿಂದ, ದೂರದ ಬೀಡ ಜಿಲ್ಲೆಯಿಂದ ಗಂಡ ಹೆಂಡಿರ ಜೋಡಿಗಳು ಗ್ಯಾಂಗ್ ಕಟ್ಟಿಕೊಂಡು ಬರುತ್ತವೆ. ಗ್ಯಾಂಗಿಗೆ ಒಬ್ಬ ಮುಕಾದಮ. ಕಾರ್ಖಾನೆಗೆ ಕಬ್ಬು ಕಡಿಸಿ ಸಾಗಿಸುತ್ತೇನೆಂದು ಟ್ರ್ಯಾಕ್ಟರ್ ಮಾಲೀಕ ಕರಾರು ಮಾಡಿಕೊಳ್ಳುತ್ತಾನೆ. ಕಾರ್ಖಾನೆ ಅವನಿಗೆ ಒಂದಿಷ್ಟು ಮುಂಗಡ ಕೊಡುತ್ತದೆ. ಅದಕ್ಕೆ ಸೊಸೈಟಿ ಸಾಲವನ್ನೋ ಹೆಂಡತಿಯ ಬಂಗಾರವನ್ನೋ ಕೂಡಿಸಿ ಅವನು ಬೇಸಿಗೆಯಲ್ಲೇ ಮುಕಾದಮನ ಊರಿಗೆ ಹೋಗಿ ಅಡ್ವಾನ್ಸ್ ಎಣಿಸುತ್ತಾನೆ. ಮುಕಾದಮ ಅದನ್ನು ಜೋಡಿಗಳಿಗೆ ಹಂಚುತ್ತಾನೆ. ಜೋಡಿಗಳು ಮಗಳ ಮದುವೆಗೋ ದವಾಖಾನೆಗೋ ಮಳೆಗಾಲದ ಸಂತೆಗೋ ಅದನ್ನು ಖರ್ಚು ಮಾಡಿ ಮುಗಿಸಿರುತ್ತವೆ. ದೀಪಾವಳಿಯ ಸುಮಾರಿಗೆ ಹಂಗಾಮು ಶುರುವಾದಾಗ ಅವರು ದುಡಿಯುವ ಮೊದಲ ತಿಂಗಳುಗಳ ಕೂಲಿ ಈಗಾಗಲೇ ತಿಂದ ಅನ್ನದ್ದು.

ಇಷ್ಟು ದೊಡ್ಡ ವ್ಯವಹಾರಕ್ಕೆ ಇರುವ ಕಾಗದವೆಂದರೆ ನೂರು ರೂಪಾಯಿಯ ಬಾಂಡ್, ಮುಕಾದಮನ ಆಧಾರ್ ಜೆರಾಕ್ಸ್, ಸಹಿ ಮಾತ್ರ ಇರುವ ಒಂದೆರಡು ಖಾಲಿ ಚೆಕ್.

ಕಾಕಾ ಜತ್ತದ ಕಡೆಯ ಒಬ್ಬ ಮುಕಾದಮನಿಗೆ ಹತ್ತು ಜೋಡಿಗೆಂದು 8 ಲಕ್ಷ ಕೊಟ್ಟಿದ್ದ. ಅವನ ಗ್ಯಾಂಗ್ ಎರಡು ಹಂಗಾಮು ಸರಿಯಾಗಿ ಬಂದು ದುಡಿದು ಹೋಗಿತ್ತು. ಮೂರನೆಯ ವರ್ಷ ಹತ್ತರ ಬದಲು ಆರು ಜೋಡಿ ಬಂದವು. ಮೂರು ವಾರ ಕಡಿದವು. ಒಂದು ರಾತ್ರಿ ಗುಡಿಸಲು ಕಿತ್ತುಕೊಂಡು ಹೋದವು. ಅರ್ಧ ಕಡಿದ ಕಬ್ಬು ಹೊಲದಲ್ಲಿ, ಕಂತು ಕಟ್ಟಬೇಕಾದ ಟ್ರ್ಯಾಕ್ಟರ್ ಅಂಗಳದಲ್ಲಿ. ಕಾಕಾ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಆಫೀಸಿಗೆ ಬಂದ.

‘ತಮ್ಮಾ, ಒಂದ್ ಫೋರ್‌ಟ್ವೆಂಟಿ ಬರದ್ ಕೊಡು. ಒಳಗ ಹಾಕಸ್ತೀನಿ ಅವ್ನ್ನ. ಲಾಕಪ್ಪಿನ್ಯಾಗ ಎರಡ್ ದಿನಾ ಕುಂತರ ರೊಕ್ಕ ತಾನ ಹೊರಗ ಬರ್ತಾವು.’

‘ಕಾಕಾ, ನೀ ರೊಕ್ಕ ಕೊಟ್ಟ ದಿನಾ ಅವ್ನ ಮನಸಿನ್ಯಾಗ ಏನಿತ್ತು?’ ಎಂದು ಕೇಳಿದೆ.

‘ಅವ್ನ ಮನಸಿನ್ಯಾಗ ಏನಿತ್ತಂತ ನನಗೇನ್ ಗೊತ್ತು? ನಾ ಏನ್ ದೇವರ?’

ಕಾಕಾ ಸಿಟ್ಟಿನಲ್ಲಿ ಆಡಿದ ಆ ಮಾತಿನಲ್ಲೇ ಇಡೀ ಕಾನೂನು ಇತ್ತು. ಮೋಸವೆಂಬ ಅಪರಾಧ ಇರುವುದು ಹಣ ಕೈ ಬದಲಾಯಿಸಿದ ಗಳಿಗೆಯಲ್ಲಿ. ಆ ಗಳಿಗೆಯಲ್ಲೇ ಅವನಿಗೆ ಕೊಡುವ, ಬರುವ, ಮಾಡುವ ಮನಸ್ಸು ಇರಲಿಲ್ಲವೆಂದರೆ ಅದು ಅಪರಾಧ. ಆಗ ಮನಸ್ಸಿದ್ದು ಆಮೇಲೆ ಆಗಲಿಲ್ಲ, ಅಥವಾ ಆಮೇಲೆ ಮನಸ್ಸು ಕೆಟ್ಟಿತು ಎಂದರೆ ಅದು ಕರಾರು ಮುರಿದದ್ದು. ಅದಕ್ಕೆ 1872ರ ಕರಾರು ಕಾಯ್ದೆ ಇದೆ, ಸಿವಿಲ್ ಕೋರ್ಟ್ ಇದೆ, ನಷ್ಟ ಪರಿಹಾರ ಇದೆ, ಆದರೆ ಲಾಕಪ್ ಇಲ್ಲ. ಸುಪ್ರೀಂ ಕೋರ್ಟು 2000ರಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಮುಂದೆ ಮಾತು ತಪ್ಪಿದ್ದಾನೆ ಎಂಬುದೊಂದರಿಂದಲೇ ಹಿಂದೆ ಮೋಸದ ಉದ್ದೇಶವಿತ್ತೆಂದು ಊಹಿಸಬಾರದು ಎಂದಿತು.

ಇದೇನು ಹೊಸ ವಿಚಾರವಲ್ಲ. ಮೋಸವೆಂದರೇನು ಎಂದು ಹೇಳುವ ಕಲಂ 415ರ ಕೆಳಗೆ 1860ರಿಂದಲೇ ಕೆಲವು ಉದಾಹರಣೆಗಳಿವೆ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಓದಿ ಮರೆತಿದ್ದ ಒಂದು ಉದಾಹರಣೆ ಅಂದು ಸಂಜೆ ಪುಸ್ತಕ ತೆರೆದಾಗ ಬೇರೆಯಾಗಿಯೇ ಕಂಡಿತು. ಒಬ್ಬ ಮತ್ತೊಬ್ಬನಿಗೆ ನೀಲಿ ಗಿಡ ತಂದು ಕೊಡುತ್ತೇನೆಂದು ನಂಬಿಸಿ ಮುಂಗಡ ಪಡೆಯುತ್ತಾನೆ. ಕೊಡುವ ಉದ್ದೇಶವೇ ಇರದಿದ್ದರೆ ಅದು ಮೋಸ. ಹಣ ಪಡೆಯುವಾಗ ಕೊಡುವ ಉದ್ದೇಶವಿದ್ದು, ಆಮೇಲೆ ಕರಾರು ಮುರಿದರೆ ಮೋಸವಲ್ಲ, ಸಿವಿಲ್ ದಾವೆಗೆ ಮಾತ್ರ ಅವನು ಗುರಿ. ನೀಲಿ ಇದ್ದಲ್ಲಿ ಕಬ್ಬು ಎಂದು ಓದಿಕೊಂಡರೆ ಅದು ಕಾಕಾನ ಬಾಂಡ್ ಪೇಪರೇ. ಹೊಸ ಸಂಹಿತೆಯ 318ನೇ ಕಲಮಿನಲ್ಲೂ ಆ ನೀಲಿ ಗಿಡ ಹಾಗೇ ಉಳಿದಿದೆ.

ನೀಲಿಯ ಉದಾಹರಣೆ ಬಂದ ಕಾಲವನ್ನೂ ನೋಡಬೇಕು. 1859-60ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯುವುದಿಲ್ಲವೆಂದು ದಂಗೆಯೆದ್ದಿದ್ದರು. ಅವರೆಲ್ಲ ನೀಲಿ ಸಾಹುಕಾರರ ಮುಂಗಡಕ್ಕೆ ಸಿಕ್ಕಿಬಿದ್ದವರು. 1860ರ ಮಾರ್ಚಿನಲ್ಲಿ ಸರಕಾರ ತಾತ್ಪೂರ್ತಿಕ ಕಾಯ್ದೆಯೊಂದನ್ನು ತಂದು, ಮುಂಗಡ ಪಡೆದು ನೀಲಿ ಬಿತ್ತದವನನ್ನು ಶಿಕ್ಷಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂಗೀಕಾರವಾದ ದಂಡ ಸಂಹಿತೆ, ನೀಲಿಯ ಕರಾರು ಮುರಿದದ್ದು ತಾನಾಗಿ ಅಪರಾಧವಲ್ಲ ಎಂದಿತು. ಒಂದೇ ವರ್ಷ, ಒಂದೇ ಗಿಡ, ಎರಡು ಉತ್ತರ.

ಕೂಲಿಯವರ ವಿಷಯದಲ್ಲಿ ಮೊದಲನೆಯ ಉತ್ತರವೇ ಬಹುಕಾಲ ನಡೆಯಿತು. 1859ರ 13ನೇ ಕಾಯ್ದೆಯ ಪ್ರಕಾರ ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದಿತ್ತು. ಹಣ ತಿರುಗಿಸು, ಇಲ್ಲವೇ ದುಡಿ ಎಂದು ಆದೇಶವಾಗುತ್ತಿತ್ತು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಮಾಲೀಕನೇ ಕರಾರು ಮುರಿದರೆ ಅವನಿಗೆ ಜೈಲಿರಲಿಲ್ಲ. 1925ರಲ್ಲಿ ಆ ಕಾಯ್ದೆಯನ್ನು ರದ್ದುಪಡಿಸಿದರು. 1926ರ ಏಪ್ರಿಲ್ 1ರಿಂದ ಅದು ಇಲ್ಲವಾಯಿತು. ದಂಡ ಸಂಹಿತೆಯಲ್ಲಿದ್ದ ಅದೇ ಜಾತಿಯ 490 ಮತ್ತು 492ನೇ ಕಲಮುಗಳೂ ಅದರೊಂದಿಗೆ ಹೋದವು. ಅಂದರೆ ಅಡ್ವಾನ್ಸ್ ತೆಗೆದುಕೊಂಡು ಕೆಲಸ ಬಿಟ್ಟವನನ್ನು ಅಷ್ಟಕ್ಕೇ ಜೈಲಿಗೆ ಹಾಕಬಾರದೆಂದು ಈ ದೇಶ ನೂರು ವರ್ಷದ ಹಿಂದೆಯೇ ತೀರ್ಮಾನಿಸಿದೆ. ಮುಂದಿನ ಬಾಗಿಲಿನಿಂದ ಹೊರಗೆ ಹಾಕಿದ್ದನ್ನು ‘ಮೊದಲಿನಿಂದಲೇ’ ಎಂಬ ಒಂದು ಪದ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆತಂದಿದೆ.

ಹಾಗೆಂದು ಕಾಕಾನಂಥವರನ್ನು ಕ್ರೂರಿಗಳೆಂದು ನೋಡಲು ನನಗೆ ಆಗುವುದಿಲ್ಲ. ಅವನ ಲೆಕ್ಕ ಸರಳವಾಗಿತ್ತು. ಸಿವಿಲ್ ದಾವೆಗೆ ಕೋರ್ಟ್ ಫೀ ಕಟ್ಟಬೇಕು. ಸಮನ್ಸು ಜತ್ತಕ್ಕೆ ಹೋಗಿ ಬರಬೇಕು. ಸಾಕ್ಷಿ, ಪಾಟಿಸವಾಲು, ತಾರೀಖು ಮೇಲೆ ತಾರೀಖು. ವರ್ಷಗಳಾದ ಮೇಲೆ ಡಿಕ್ರಿ ಸಿಕ್ಕರೂ ಅದನ್ನು ಜಾರಿ ಮಾಡಿಸಲು ಇನ್ನೊಂದು ಅರ್ಜಿ. ಅಷ್ಟರಲ್ಲಿ ಕಾಕಾನ ಸಾಲದ ಬಡ್ಡಿ ಅಸಲನ್ನು ದಾಟಿರುತ್ತದೆ. ಠಾಣೆಯಲ್ಲಿ ಫೀ ಇಲ್ಲ, ಫೋನು ಇಂದೇ ಹೋಗುತ್ತದೆ. ಇದನ್ನು ಕೋರ್ಟುಗಳೂ ಬಲ್ಲವು. 2006ರ ಇಂಡಿಯನ್ ಆಯಿಲ್ ಪ್ರಕರಣದ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಸಿವಿಲ್ ದಾರಿ ನಿಧಾನ, ಕೊಟ್ಟವನ ಹಿತ ಕಾಯುವುದಿಲ್ಲ ಎಂಬ ಭಾವನೆಯಿಂದಲೇ ವ್ಯಾಪಾರದ ಜಗಳಗಳನ್ನು ಕ್ರಿಮಿನಲ್ ಮಾಡುವ ಚಾಳಿ ಬೆಳೆಯುತ್ತಿದೆ ಎಂದು ಅವರು ಅದರಲ್ಲಿ ಗುರುತಿಸಿದರು, ಅದಕ್ಕೆ ತಡೆ ಹಾಕಬೇಕೆಂದರು. ಆದರೆ ಆ ಪ್ರಕರಣವನ್ನು ಪೂರ್ತಿ ರದ್ದು ಮಾಡಲಿಲ್ಲ. ಒಂದೇ ವ್ಯವಹಾರದಲ್ಲಿ ಕರಾರು ಭಂಗವೂ ಅಪರಾಧವೂ ಎರಡೂ ಇರಬಹುದು. ಅಪರಾಧದ ಅಂಶಗಳು ಫಿರ್ಯಾದಿಯಲ್ಲಿ ಇವೆಯೇ ಎಂದಷ್ಟೇ ನೋಡಬೇಕು ಎಂದರು. ನನ್ನ ಹಿರಿಯರು ಈ ತೀರ್ಪಿನ ಎರಡನೆಯ ಅರ್ಧವನ್ನೂ ಓದಿಸದೆ ಬಿಡುತ್ತಿರಲಿಲ್ಲ.

ಎರಡನೆಯ ಅರ್ಧ ಬೇಕಾಗುತ್ತದೆ, ಏಕೆಂದರೆ ನಿಜವಾದ ಮೋಸಗಾರರೂ ಇದ್ದಾರೆ. ಕಾಕಾನ ಪ್ರಕರಣದ ಮರುವರ್ಷ ಇನ್ನೊಬ್ಬ ಟ್ರ್ಯಾಕ್ಟರ್ ಮಾಲೀಕ ಬಂದ. ಅವನ ಮುಕಾದಮ ಒಂದೇ ವಾರದಲ್ಲಿ ನಾಲ್ವರಿಂದ ಅಡ್ವಾನ್ಸ್ ಎತ್ತಿದ್ದ. ನಾಲ್ಕು ಬಾಂಡಿನಲ್ಲೂ ಅವೇ ಹನ್ನೆರಡು ಜೋಡಿಗಳ ಹೆಸರು. ವಿಚಾರಿಸಿದರೆ ಅದರಲ್ಲಿ ಇಬ್ಬರು ತೀರಿಕೊಂಡು ವರ್ಷಗಳಾಗಿದ್ದವು. ಹನ್ನೆರಡು ಜೋಡಿ ಒಂದೇ ಹಂಗಾಮಿನಲ್ಲಿ ನಾಲ್ಕು ಕಡೆ ಕಬ್ಬು ಕಡಿಯಲಾರವು ಎಂಬುದು ಹಣ ಎಣಿಸಿಕೊಳ್ಳುವಾಗಲೇ ಅವನಿಗೆ ಗೊತ್ತಿತ್ತು. ಆ ಫಿರ್ಯಾದಿಯನ್ನು ನಾನೇ ಬರೆದೆ. ‘ಮೊದಲಿನಿಂದಲೇ’ ಎಂದು ಬರೆದು ನಿಲ್ಲಿಸಲಿಲ್ಲ. ಅದರ ಕೆಳಗೆ ನಾಲ್ಕು ಬಾಂಡಿನ ತಾರೀಖು, ಹೆಸರುಗಳು, ಮೃತರ ವಿವರ ಎಲ್ಲ ಬಂದವು. ಮನಸ್ಸನ್ನು ಯಾರೂ ಕಾಣರು ನಿಜ, ಆದರೆ ಮನಸ್ಸು ನಡೆದಾಡಿದ ಗುರುತು ನೆಲದ ಮೇಲೆ ಬಿದ್ದಿರುತ್ತದೆ.

ಕಾಕಾನ ಮುಕಾದಮನ ಗುರುತುಗಳು ಬೇರೆ ಕಡೆ ಹೊರಳಿದ್ದವು. ಎರಡು ವರ್ಷ ಬಂದಿದ್ದ. ಆರು ಜೋಡಿ ತಂದಿದ್ದ. ಫೋನು ಬಂದ್ ಮಾಡಿರಲಿಲ್ಲ. ನೋಟಿಸ್ ಮುಟ್ಟಿದ ಮೇಲೆ ತಮ್ಮನನ್ನು ಕರೆದುಕೊಂಡು ಆಫೀಸಿಗೇ ಬಂದ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

‘ಸಾಹೇಬ್ರ, ನಾಕ್ ಜೋಡಿ ನನ್ನ ಕಡೆ ರೊಕ್ಕಾ ತಗೊಂಡು ಬ್ಯಾರೆ ಫ್ಯಾಕ್ಟ್ರಿಗಿ ಹ್ವಾದ್ರು. ಅಲ್ಲಿ ಟನ್ನಿಗಿ ಜಾಸ್ತಿ ಕೊಡ್ತಾರಂತ. ಉಳಿದವ್ರೂ ಅವ್ರ ಹಿಂದ ಎದ್ರು. ಗೌಡ್ರು ನನ್ನ ಮ್ಯಾಲ ಕೇಸ್ ಹಾಕ್ತಾರ. ನಾ ಅವ್ರ ಮ್ಯಾಲ ಹಾಕ್ಲ್ಯಾ? ಅವ್ರ ಮನ್ಯಾಗ ಏನೈತ್ರಿ, ಒಂದ್ ಕೋಯ್ತಾ ಐತಿ.’

ಆಗ ನನಗೆ ಸರಪಳಿ ಪೂರ್ತಿ ಕಂಡಿತು. ಕಾರ್ಖಾನೆ ಕಾಕಾನಿಗೆ, ಕಾಕಾ ಮುಕಾದಮನಿಗೆ, ಮುಕಾದಮ ಜೋಡಿಗಳಿಗೆ ಮುಂಗಡ ಕೊಟ್ಟಿದ್ದರು. ಪ್ರತಿ ಕೊಂಡಿಯೂ ಒಂದು ಕರಾರು. ಪೊಲೀಸ್ ಫಿರ್ಯಾದಿ ಮಾತ್ರ ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆ. ಕೊನೆಗೆ ಅದು ಮುಟ್ಟುವುದು ಕೋಯ್ತಾ ಹಿಡಿದ ಕೈಗೆ. ಜೈಲಿನ ಹೆದರಿಕೆಯಿಂದ ಆ ಜೋಡಿ ಬಿಟ್ಟು ಹೋಗಲಾರದೆ ದುಡಿದು ತೀರಿಸಬೇಕಾದರೆ, 1976ರ ಕಾಯ್ದೆ ಯಾವುದನ್ನು ಜೀತವೆಂದು ಕರೆದು ನಿಷೇಧಿಸಿತೋ ಅದರ ಅಂಚಿಗೆ ನಾವು ಬಂದು ನಿಂತಿರುತ್ತೇವೆ.

ಮೇಲ್ಮುಖವಾಗಿ ಏನಾಗುತ್ತದೆ ಎಂಬುದು ನಮ್ಮ ಕಡೆಯ ಪ್ರತಿ ರೈತನಿಗೂ ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನದಲ್ಲಿ ಬಿಲ್ಲು ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಉಳಿದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಬಿಲ್ಲು ತಿಂಗಳುಗಟ್ಟಲೆ ಬರದಿದ್ದಾಗ ರೈತರು ಜಿಲ್ಲಾಧಿಕಾರಿಗೆ ಮನವಿ ಕೊಡುತ್ತಾರೆ, ರಸ್ತೆಗೆ ಕೂಡುತ್ತಾರೆ. 2025ರ ನವೆಂಬರಿನಲ್ಲಿ ನಮ್ಮ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕೂತವರಿಗೆ ಸರಕಾರ ಕೊನೆಗೆ 3,300 ಎಂದು ಘೋಷಿಸಿತು. ದರದ ಜಗಳ, ಬಿಲ್ಲಿನ ಜಗಳ ಮಾತುಕತೆಯಲ್ಲಿ ಬಗೆಹರಿಯಬೇಕಾದ ವಿಷಯಗಳೆಂದು ಎಲ್ಲರೂ ಒಪ್ಪುತ್ತಾರೆ. ಬಿಲ್ಲು ತಡವಾಯಿತೆಂದು ಕಾರ್ಖಾನೆಯ ಆಡಳಿತದವರನ್ನು ಲಾಕಪ್ಪಿನಲ್ಲಿ ಎರಡು ದಿನ ಕೂಡಿಸಿದರೆ ರೊಕ್ಕ ತಾನೇ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಹೇಳಬಾರದು ಕೂಡ. ಆ ಸಂಯಮ ಕೆಳಗಿನವನ ಪಾಲಿಗೂ ಇರಲಿ ಎಂಬುದಷ್ಟೇ ನನ್ನ ಮಾತು.

ಕಾಗದದ ಮೇಲೆ ಕೆಳಗಿನವನಿಗೆ ರಕ್ಷಣೆ ಇಲ್ಲವೆಂದಲ್ಲ. 2013ರ ಲಲಿತಾ ಕುಮಾರಿ ತೀರ್ಪು, ವ್ಯಾಪಾರ ವ್ಯವಹಾರದ ದೂರುಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶ ಕೊಟ್ಟಿದೆ. 1980ರಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಸಾಲ ತೀರಿಸಲಾಗದ ಬಡತನವೊಂದೇ ಕಾರಣಕ್ಕೆ ಸಿವಿಲ್ ಕೋರ್ಟು ಸಹ ಯಾರನ್ನೂ ಜೈಲಿಗೆ ಕಳಿಸುವಂತಿಲ್ಲ ಎಂದಿದ್ದರು. 2025ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರ ಪೀಠ, ಉತ್ತರ ಪ್ರದೇಶದಲ್ಲಿ ಸಿವಿಲ್ ವ್ಯಾಜ್ಯಗಳನ್ನು ದಿನವೂ ಕ್ರಿಮಿನಲ್ ಮಾಡುತ್ತಿರುವುದನ್ನು ಕಾನೂನಿನ ಆಡಳಿತವೇ ಕುಸಿದ ಲಕ್ಷಣವೆಂದು ಕಟುವಾಗಿ ಹೇಳಿತು. ಸುಳ್ಳು ಪ್ರಕರಣವನ್ನು ರದ್ದು ಮಾಡುವ ಅಧಿಕಾರ ಹೈಕೋರ್ಟಿಗಿದೆ. ನಮಗೆ ಅದರ ಧಾರವಾಡ ಪೀಠ ಹತ್ತಿರ. ಆದರೆ ಜತ್ತದಿಂದ ಧಾರವಾಡಕ್ಕೆ ಬಂದು ವಕೀಲರನ್ನು ಹಿಡಿಯುವ ಶಕ್ತಿ ಇದ್ದವನು ಮೂಲದಲ್ಲಿ ಅಡ್ವಾನ್ಸ್ ತೆಗೆದುಕೊಂಡು ಕಬ್ಬು ಕಡಿಯಲು ಯಾಕೆ ಬರುತ್ತಿದ್ದ?

‘ಹಂಗಾರ ಚೆಕ್ ಐತೆಲ್ಲಾ, ಅದನ್ನ ಹಾಕು’ ಎಂದ ಕಾಕಾ. ಚೆಕ್ಕಿನ ಮಾತು ಬೇರೆ. 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಲಂ 138 ಚೆಕ್ ಬೌನ್ಸನ್ನು ತಾನೇ ಅಪರಾಧವೆಂದು ಮಾಡಿದೆ. ಅಲ್ಲೂ ಮೊದಲು ನೋಟಿಸ್ ಕೊಡಬೇಕು, ಹಣ ಕೊಡಲು 15 ದಿನ ಬಿಡಬೇಕು, ದೂರು ನೇರವಾಗಿ ಮ್ಯಾಜಿಸ್ಟ್ರೇಟರಿಗೆ. ಪೊಲೀಸರ ಪಾತ್ರವಿಲ್ಲ, ಯಾವ ಹಂತದಲ್ಲೂ ರಾಜಿಗೆ ಬಾಗಿಲು ತೆರೆದಿರುತ್ತದೆ. ಆದರೆ ಆ ಖಾಲಿ ಚೆಕ್ಕಿನಲ್ಲಿ ತುಂಬಬೇಕಾದ ಮೊತ್ತ ಯಾವುದು? 8 ಲಕ್ಷವೇ, ಅಥವಾ ಮೂರು ವಾರದ ದುಡಿಮೆ ಕಳೆದು ಉಳಿದದ್ದೇ? ಅದನ್ನು ಕೇಳಿದಾಗ ಕಾಕಾ ಮೊದಲ ಸಲ ಸುಮ್ಮನಾದ. ಆ ಮೂರು ವಾರದ ಟನ್ನಿನ ಲೆಕ್ಕ ಅವನ ಡೈರಿಯಲ್ಲಿ ಇತ್ತು.

ನನ್ನ ಹಿರಿಯರು ಇಬ್ಬರನ್ನೂ ಕೂಡಿಸಿ ಡೈರಿ ತೆರೆಸಿದರು. ಕೂಲಿ, ಮುಕಾದಮನ ಕಮಿಷನ್ ಎಲ್ಲ ಕಳೆದು ಬಾಕಿ 5 ಲಕ್ಷ 60 ಸಾವಿರಕ್ಕೆ ನಿಂತಿತು. ಲೋಕ ಅದಾಲತ್ತಿನಲ್ಲಿ ದಾವೆಗೆ ಮೊದಲೇ ರಾಜಿ ಮಾಡಿಸಿದೆವು. ಕೋರ್ಟ್ ಫೀ ಇಲ್ಲ, ಅದರ ಆದೇಶಕ್ಕೆ ಡಿಕ್ರಿಯಷ್ಟೇ ಬೆಲೆ. ನಾಲ್ಕು ಕಂತು ಗೊತ್ತಾದವು. ಮೂರು ಬಂದವು, ಎರಡು ತಡವಾಗಿ. ನಾಲ್ಕನೆಯದು ಇನ್ನೂ ಬಂದಿಲ್ಲ. ಕಾಕಾ ಅದಕ್ಕೆ ಇಂದಿಗೂ ನನ್ನನ್ನು ಚುಚ್ಚುತ್ತಾನೆ: ‘ನಿನ್ನ ಕಾನೂನು ಅವ್ನ ಕಡೇನ ಐತಿ ನೋಡು.’

ಕಾನೂನು ಅವನ ಕಡೆ ಇಲ್ಲ. ಅವನು ಕೊಡಬೇಕು, ಅವನು ಸಾಲಗಾರ ಎಂದೇ ಅದು ಹೇಳುತ್ತದೆ. ಅವನು ಕಳ್ಳ ಎನ್ನಲು ಒಪ್ಪುವುದಿಲ್ಲ, ಅಷ್ಟೇ. ಬಾಕಿ ಉಳಿದವನು ಮುಂದಿನ ವರ್ಷವಾದರೂ ಕೊಡಬಹುದು; ಕಳ್ಳನೆಂದು ಒಮ್ಮೆ ಬರೆಸಿಕೊಂಡವನಿಗೆ ಯಾವ ಟ್ರ್ಯಾಕ್ಟರಿನವನೂ ಅಡ್ವಾನ್ಸ್ ಕೊಡುವುದಿಲ್ಲ, ದುಡಿದು ತೀರಿಸುವ ದಾರಿಯೂ ಮುಚ್ಚುತ್ತದೆ.

ಕಾನೂನು ಓದುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ನಾಳೆ ನಿಮ್ಮ ಮುಂದೆಯೂ ಯಾರೋ ಒಬ್ಬ ಕಾಕಾ ಕೂಡುತ್ತಾನೆ, ಅವನ ನಷ್ಟ ನಿಜವಾಗಿಯೇ ಇರುತ್ತದೆ. ‘ಮೊದಲಿನಿಂದಲೇ’ ಎಂದು ಬರೆಯುವ ಮೊದಲು ಆ ಮೊದಲ ದಿನದ ಬಗ್ಗೆ ಅವನಿಗೆ ಹತ್ತು ಪ್ರಶ್ನೆ ಕೇಳಿ. ಉತ್ತರ ಸಿಕ್ಕರೆ ಧೈರ್ಯವಾಗಿ ಬರೆಯಿರಿ. ಸಿಗದಿದ್ದರೆ ನೋಟಿಸ್ ಬರೆಯಿರಿ.

ಕಾಕಾ ಈಗ ಅಡ್ವಾನ್ಸನ್ನು ಒಂದೇ ಸಲ ಎಣಿಸುವುದಿಲ್ಲ. ಬೇಸಿಗೆಯಲ್ಲಿ ಒಂದು ಪಾಲು, ಗ್ಯಾಂಗ್ ಗಾಡಿ ಹತ್ತುವಾಗ ಒಂದು, ಮೊದಲ ಹದಿನೈದು ದಿನ ಕಡಿದ ಮೇಲೆ ಒಂದು. ಬಾಂಡಿನಲ್ಲಿ ಪ್ರತಿ ಜೋಡಿಯ ಹೆಸರು, ಸಹಿ, ಇಸಿದುಕೊಂಡ ಮೊತ್ತ. ಖಾಲಿ ಚೆಕ್ ಇಸಿದುಕೊಳ್ಳುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.